ಹಬೆ ಮೇಲಕ್ಕೆ ಯಾಕೆ ಹೋಗುತ್ತೆ? ನೀರು, ಬೆಂಕಿ ಮತ್ತು ನಮ್ಮ ಮನೆ ಲೆಕ್ಕ

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ)



ಸಂಘ ಬೆಳೆದು ಬಂದ ದಾರಿಯನ್ನು ನಮಗಿಂತ ಮೊದಲು ಮಾತಾಡಿದ ಹಿರಿಯರು ಚೆನ್ನಾಗಿ ತಿಳಿಸಿದ್ದಾರೆ. ನಮಗೆ ಅಧ್ಯಕ್ಷರು ಹೇಳಿದ್ದು, "ನೀವು ಏನಾದರೂ ಉಪಯೋಗಕ್ಕೆ ಬರೋ ವಿಷಯ ಮಾತಾಡಿ" ಅಂತ. ನಾವು ಓದಿರೋದು ಎಸ್.ಎಸ್.ಎಲ್.ಸಿ. ವರೆಗೆ. ದೊಡ್ಡ ವಿಷಯ ಮಾತಾಡುವಷ್ಟು ಪಂಡಿತರಲ್ಲ. ಆದರೆ ದಿನಾ ನೋಡುವ ಒಂದು ಸಣ್ಣ ಸಂಗತಿ ನಮ್ಮ ಮನೆಯಲ್ಲಿ ದೊಡ್ಡ ಪಾಠ ಕಲಿಸಿತು. ಅದನ್ನೇ ತಮ್ಮ ಮುಂದೆ ಇಡುತ್ತೇವೆ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಕೆಲವು ವರ್ಷದ ಹಿಂದೆ ಗೌರಿ ಹಬ್ಬದ ದಿವಸ. ಮನೆಯಲ್ಲಿ ನೆಂಟರು ತುಂಬಿದ್ದರು. ನಮ್ಮ ಮನೆಯವರು ಕಡುಬು ಬೇಯಿಸೋಕೆ ದೊಡ್ಡ ಪಾತ್ರೆ ಇಟ್ಟಿದ್ದರು. ಬೆಂದಿದೆಯಾ ನೋಡೋಣ ಅಂತ ಮುಚ್ಚಳ ತಮ್ಮ ಕಡೆಗೇ ಎತ್ತಿದರು. ಬೆಂಕಿ ತಗುಲಲಿಲ್ಲ, ಕುದಿಯೋ ನೀರು ಚೆಲ್ಲಲಿಲ್ಲ. ಬರೀ ಹಬೆ ಬಡಿಯಿತು, ಅಷ್ಟೆ. ಕ್ಷಣ ಮಾತ್ರ. ಆದರೆ ಮುಂಗೈಯಿಂದ ಮೊಣಕೈವರೆಗೂ ಬೊಬ್ಬೆ ಎದ್ದುಬಿಟ್ಟವು. ಮನೆಯಲ್ಲಿದ್ದವರು ಒಬ್ಬರು ಇಂಕು ಹಾಕಿ ಅಂದರು, ಇನ್ನೊಬ್ಬರು ಹಲ್ಲುಜ್ಜೋ ಪೇಸ್ಟ್ ಅಂದರು. ನಾವು ಪೇಸ್ಟ್ ಬಳಿದೆವು. ಆಸ್ಪತ್ರೆಗೆ ಹೋದಾಗ ಡಾಕ್ಟರು ಮೊದಲು ಆ ಪೇಸ್ಟ್ ತೆಗೆಯುವುದಕ್ಕೇ ಅರ್ಧ ಗಂಟೆ ತೆಗೆದುಕೊಂಡರು. ಅವರು ಪಟ್ಟ ನೋವು ನಾವು ಈಗಲೂ ಮರೆತಿಲ್ಲ.

ಮೂರು ವಾರ ಅವರ ಬಲಗೈ ಆಡಲಿಲ್ಲ. ತಮಗೆಲ್ಲ ಗೊತ್ತಿರುವ ಹಾಗೆ, ನಮ್ಮ ಮನೆಯಲ್ಲಿ ಡೈರೆಕ್ಟ್ರು ನಾವು, ಹಾಲು ಕರೆಯೋರು ಅವರು! ಹಸು ನಮ್ಮ ಕೈಗೆ ಸೊರ ಬಿಡಲಿಲ್ಲ. ಪಕ್ಕದ ಮನೆ ತಾಯಿ ಬಂದು ಕರೆದುಕೊಟ್ಟರು. ಆ ತಿಂಗಳು ಸಂಘದ ಪುಸ್ತಕದಲ್ಲಿ ನಮ್ಮ ಲೀಟರ್ ಎಷ್ಟು ಇಳಿದಿತ್ತು ಅಂತ ಕಾರ್ಯದರ್ಶಿಗಳನ್ನ ಕೇಳಿದರೆ ಹೇಳ್ತಾರೆ.

ಆವಾಗ ನಮ್ಮ ಮಗಳು ಒಂದು ಪ್ರಶ್ನೆ ಕೇಳಿದಳು. "ಅಪ್ಪ, ನೀರು ಯಾವಾಗಲೂ ಕೆಳಕ್ಕೆ ತಾನೆ ಹರಿಯೋದು? ಹಬೆ ಮಾತ್ರ ಮೇಲಕ್ಕೆ ಯಾಕೆ ಹೋಗುತ್ತೆ? ಕುದಿಯೋ ನೀರಿಗಿಂತ ಅದು ಯಾಕೆ ಅಷ್ಟು ಸುಡುತ್ತೆ?" ನಮಗೆ ಉತ್ತರ ತಿಳಿಯಲಿಲ್ಲ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರನ್ನ ಕೇಳಿದೆವು. ಅವರು, "ಡೈರೆಕ್ಟ್ರೇ, ಇದಕ್ಕೆ ಪುಸ್ತಕ ಬೇಡ, ನಿಮ್ಮ ಆಲೆಮನೆಗೇ ಬರ್ತೀನಿ" ಅಂದರು. ಬಂದರು. ಅವತ್ತು ಅವರಿಂದ ಕಲಿತದ್ದು, ಆಮೇಲೆ ನಾವೇ ಕೈಯಾರೆ ಮಾಡಿ ನೋಡಿದ್ದು, ಎರಡೂ ಸೇರಿಸಿ ಹೇಳ್ತೀವಿ.

ಮೊದಲು ಒಂದು ಮಾತು. ಕುದಿಯೋ ಪಾತ್ರೆ ಮೇಲೆ ಬೆಳ್ಳಗೆ ಕಾಣುತ್ತಲ್ಲ, ಅದು ನಿಜವಾದ ಆವಿ ಅಲ್ಲ. ನಿಜವಾದ ಆವಿ ಗಾಳಿ ಥರ, ಕಣ್ಣಿಗೆ ಕಾಣೋದಿಲ್ಲ. ಟೀ ಕೆಟಲ್ ಮೂತಿ ಹತ್ತಿರ ದೂರದಿಂದಲೇ ಸರಿಯಾಗಿ ನೋಡಿ. ಮೂತಿಗೆ ತಾಗಿದ ಹಾಗೆ ಒಂದು ಬೆರಳಿನಷ್ಟು ಜಾಗ ಖಾಲಿ ಕಾಣುತ್ತೆ. ಅದರಾಚೆಗೆ ಬಿಳಿ ಶುರುವಾಗುತ್ತೆ. ಆ ಖಾಲಿ ಜಾಗದಲ್ಲಿ ಇರೋದೇ ಆವಿ. ಅದು ತಣ್ಣನೆ ಗಾಳಿಗೆ ಸೇರಿದ ಕೂಡಲೇ ಮತ್ತೆ ನೀರಾಗಿ, ಬಹಳ ಸಣ್ಣ ಸಣ್ಣ ಹನಿಗಳಾಗುತ್ತೆ. ಆ ಹನಿಗಳ ಗುಂಪೇ ಬಿಳಿ ಹಬೆ. ಮಂಜು, ಮೋಡ ಎಲ್ಲಾ ಅದೇ ಜಾತಿ. ಆದ್ದರಿಂದ ತಾಯಂದಿರೇ, ಕಾಣೋ ಬಿಳಿಗಿಂತ ಕಾಣದ ಆ ಖಾಲಿ ಜಾಗಕ್ಕೇ ಹೆಚ್ಚು ಹೆದರಬೇಕು.

ಇನ್ನು ಮೇಲಕ್ಕೆ ಯಾಕೆ ಹೋಗುತ್ತೆ ಅನ್ನೋದು. ಇದಕ್ಕೆ ಮೇಷ್ಟ್ರು ನಮ್ಮ ಹಾಲಿನ ಕ್ಯಾನನ್ನೇ ಉದಾಹರಣೆ ಕೊಟ್ಟರು. 40 ಲೀಟರಿನ ಕ್ಯಾನ್ ಖಾಲಿ ಇದೆ ಅಂತೀವಿ. ಖಾಲಿ ಇಲ್ಲ, ಅದರ ತುಂಬ ಗಾಳಿ ಇದೆ. ಆ ಗಾಳಿಗೂ ತೂಕ ಇದೆ, ಸುಮಾರು 45 ಗ್ರಾಂ. ಅದೇ ಕ್ಯಾನಿನ ತುಂಬ ಕುದಿಯೋ ನೀರಿನ ಆವಿ ತುಂಬಿದರೆ ತೂಕ ಹತ್ತಿರ ಹತ್ತಿರ ಅರ್ಧ, ಸುಮಾರು 23 ಗ್ರಾಂ. ನೀರಿನೊಳಗೆ ಬೆಂಡು ಮುಳುಗಿಸಿ ಕೈ ಬಿಟ್ಟರೆ ಏನಾಗುತ್ತೆ? ಮೇಲಕ್ಕೆ ಚಿಮ್ಮುತ್ತೆ. ಬೆಂಡು ತಾನಾಗಿ ಏರಲ್ಲ. ಅದಕ್ಕಿಂತ ಭಾರದ ನೀರು ಕೆಳಗೆ ನುಗ್ಗಿ ಅದನ್ನು ಮೇಲೆ ನೂಕುತ್ತೆ. ಹಾಗೇ ಸುತ್ತಲ ಭಾರದ ಗಾಳಿ ಹಗುರವಾದ ಆವಿಯನ್ನು ಮೇಲಕ್ಕೆ ನೂಕುತ್ತೆ. ಬಿಳಿ ಹನಿಗಳು ನೀರೇ ಆದರೂ, ಧೂಳಿಗಿಂತ ಸಣ್ಣವು. ಆ ಬಿಸಿಗಾಳಿ ಜೊತೆಗೇ ಮೇಲೆ ತೇಲಿಹೋಗುತ್ತವೆ.

ನೀರಿನೊಳಗೂ ಇದೇ ನ್ಯಾಯ. ನೀರು ಕಾದರೆ ಹಿಗ್ಗುತ್ತೆ, ಹಿಗ್ಗಿದರೆ ಹಗುರ ಆಗುತ್ತೆ, ಮೇಲೆ ಬರುತ್ತೆ. ಮೇಲಿನ ತಣ್ಣೀರು ಕೆಳಗೆ ಇಳಿಯುತ್ತೆ. ಹಂಡೆಗೆ ಕೆಳಗಿನಿಂದ ಉರಿ ಹಾಕೋದರಿಂದ ಒಳಗೆ ಈ ಸುತ್ತಾಟ ನಡೆದು ನೀರೆಲ್ಲ ಕಾಯುತ್ತೆ. ಆದರೆ ಬಕೆಟ್ಟಿಗೆ ಕಾಯಿಲ್ ಅರ್ಧಕ್ಕೆ ಮಾತ್ರ ಇಳಿಬಿಟ್ಟು ನೋಡಿ. ಮೇಲಿನ ನೀರು ಸುಡುತ್ತಿರುತ್ತೆ, ತಳದ ನೀರು ತಣ್ಣಗೇ ಇರುತ್ತೆ. ಹಗುರವಾದ ಬಿಸಿನೀರು ಕೆಳಕ್ಕೆ ಇಳಿಯೋದಿಲ್ಲ. ಸೋಲಾರ್ ಟ್ಯಾಂಕಿನಲ್ಲಿ ಬಿಸಿನೀರಿನ ಪೈಪ್ ಮೇಲ್ಭಾಗದಲ್ಲಿ ಇರೋದೂ ಇದಕ್ಕೇ. (ಕಾಯಿಲ್ ಹಾಕಿದಾಗ ಸ್ವಿಚ್ ಆರಿಸದೆ ನೀರು ಮುಟ್ಟಿ ನೋಡಬೇಡಿ. ಅದನ್ನು ಬೇರೆ ಹೇಳಬೇಕಾಗಿಲ್ಲ.)

ಈಗ ಮುಖ್ಯವಾದ ಲೆಕ್ಕಕ್ಕೆ ಬರ್ತೀವಿ. ಸಂಘದಲ್ಲಿ ಲೆಕ್ಕ ಇಲ್ಲದ ಮಾತಿಗೆ ಬೆಲೆ ಇಲ್ಲ.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡೋಕೆ ಬೇಕಾದ ಶಾಖಕ್ಕೆ "ಒಂದು ಅಳತೆ" ಅಂತ ಇಟ್ಟುಕೊಳ್ಳಿ. ಪುಸ್ತಕದಲ್ಲಿ ಇದಕ್ಕೆ ಕಿಲೋಕ್ಯಾಲೊರಿ ಅಂತಾರೆ. 25 ಡಿಗ್ರಿ ಇರುವ ಒಂದು ಲೀಟರ್ ನೀರು 100 ಡಿಗ್ರಿಗೆ ಬರೋಕೆ 75 ಅಳತೆ ಶಾಖ ಬೇಕು. ಸರಿ, ಕುದಿಯಿತು. ಈಗ ಅದೇ ಕುದಿಯೋ ಒಂದು ಲೀಟರ್ ಪೂರ್ತಿ ಆವಿ ಆಗಿ ಹೋಗಬೇಕಾದರೆ ಇನ್ನೆಷ್ಟು ಬೇಕು ಗೊತ್ತೇ? 540 ಅಳತೆ! ಕುದಿಯುವ ಮಟ್ಟಕ್ಕೆ ತರೋಕೆ ಕೊಟ್ಟದ್ದರ ಏಳರಷ್ಟು. ತಮಾಷೆ ಏನಪ್ಪಾ ಅಂದರೆ, ಈ 540 ಅಳತೆ ಕೊಟ್ಟರೂ ನೀರು ಒಂದು ಡಿಗ್ರಿಯೂ ಹೆಚ್ಚು ಬಿಸಿ ಆಗೋದಿಲ್ಲ. ಥರ್ಮಾಮೀಟರ್ ಇಟ್ಟರೆ ಅಲ್ಲೇ ನಿಂತಿರುತ್ತೆ. ಹಾಗಾದರೆ ಕೊಟ್ಟ ಶಾಖ ಎಲ್ಲಿ ಹೋಯಿತು? ಆವಿಯೊಳಗೆ ಅಡಗಿ ಕುಳಿತಿತು. ಅದಕ್ಕೇ ಇದಕ್ಕೆ ಗುಪ್ತ ಶಾಖ ಅಂತ ಹೆಸರು.

ಇದನ್ನು ಅಳೆದು ತೋರಿಸಿದವರು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್ ಎಂಬ ಮಹನೀಯರು, 1760ರ ದಶಕದ ಆರಂಭದಲ್ಲಿ. ಅದೇ ವಿಶ್ವವಿದ್ಯಾಲಯದಲ್ಲಿ ಉಪಕರಣ ರಿಪೇರಿ ಮಾಡುತ್ತಿದ್ದವರು ಜೇಮ್ಸ್ ವಾಟ್. ಸ್ವಲ್ಪ ಆವಿಯನ್ನು ತಣ್ಣೀರಿಗೆ ಬಿಟ್ಟರೆ, ಅದು ತನ್ನ ತೂಕದ ಆರರಷ್ಟು ನೀರನ್ನು ಕುದಿಯುವ ಮಟ್ಟಕ್ಕೆ ತರುತ್ತೆ ಅಂತ ವಾಟ್ ಕಂಡುಕೊಂಡರು. ಆಗಿನ ಉಗಿಯಂತ್ರದಲ್ಲಿ ಪ್ರತಿಸಲವೂ ಸಿಲಿಂಡರನ್ನೇ ತಣ್ಣಗೆ ಮಾಡಿ, ಮತ್ತೆ ಕಾಯಿಸಿ, ಬಹಳ ಕಲ್ಲಿದ್ದಲು ದಂಡ ಆಗುತ್ತಿತ್ತು. ಆವಿಯನ್ನು ಬೇರೆ ಪಾತ್ರೆಗೆ ಒಯ್ದು ತಣ್ಣಗೆ ಮಾಡುವ ಉಪಾಯ ಅವರಿಗೆ 1765ರಲ್ಲಿ ಹೊಳೆಯಿತು. 1769ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. ರಿಪೇರಿ ಕೆಲಸದವರೊಬ್ಬರು ಶಾಖದ ಲೆಕ್ಕ ಸರಿಯಾಗಿ ಹಿಡಿದದ್ದರಿಂದ ಕಾರ್ಖಾನೆಗಳ ಚಹರೆಯೇ ಬದಲಾಯಿತು.

ಈಗ ನಮ್ಮ ಮನೆಯವರ ಕೈ ಯಾಕೆ ಅಷ್ಟು ಸುಟ್ಟಿತು ಅನ್ನೋದು ತಿಳೀತಲ್ಲ? ಆವಿ ಚರ್ಮಕ್ಕೆ ಬಡಿದ ಕೂಡಲೇ ನೀರಾಗುತ್ತೆ. ನೀರಾಗುವಾಗ ತನ್ನೊಳಗೆ ಅಡಗಿದ್ದ ಅಷ್ಟೂ ಶಾಖವನ್ನು ಅಲ್ಲೇ ಇಳಿಸಿಬಿಡುತ್ತೆ. ಅದರ ಮೇಲೆ ಕುದಿಯೋ ನೀರಿನ ಬಿಸಿ ಬೇರೆ. ಸಾಲ ತಂದವನು ಅಸಲು ಬಡ್ಡಿ ಒಂದೇ ಗಳಿಗೆಯಲ್ಲಿ ತೀರಿಸಿದ ಹಾಗೆ. ಅದೇ ಶಾಖ ಕಡುಬನ್ನೂ ಬೇಯಿಸುತ್ತೆ, ಇಡ್ಲಿಯನ್ನೂ ಬೇಯಿಸುತ್ತೆ, ಕೈಯನ್ನೂ ಬೇಯಿಸುತ್ತೆ.

ಆಲೆಮನೆ ವಿಷಯಕ್ಕೆ ಬರೋಣ. ನಮ್ಮ ಮಂಡ್ಯ ಸೀಮೆಯಲ್ಲಿ ಆಲೆಮನೆ ನೋಡದವರು ಯಾರಿದ್ದಾರೆ? ಬೆಲ್ಲ ಮಾಡೋದು ಅಂದರೆ ಏನು? ಸುಣ್ಣ ಹಾಕೋದು, ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆಯೋದು, ಹದ ನೋಡೋದು ಎಲ್ಲಾ ಇದ್ದರೂ, ಮೂಲದಲ್ಲಿ ಅದು ನೀರನ್ನು ಓಡಿಸೋ ಕೆಲಸ. ನೂರು ಕಿಲೋ ಕಬ್ಬಿನ ಹಾಲಿನಲ್ಲಿ ಸುಮಾರು 80 ಕಿಲೋ ಬರೀ ನೀರು. ಹತ್ತು ಕ್ವಿಂಟಲ್ ಹಾಲನ್ನು ಕುದಿಗೆ ತರೋಕೆ ಹೆಚ್ಚು ಅಂದರೆ 75 ಸಾವಿರ ಅಳತೆ ಶಾಖ. ಅದರಲ್ಲಿರೋ ಎಂಟು ಕ್ವಿಂಟಲ್ ನೀರು ಓಡಿಸೋಕೆ 4 ಲಕ್ಷದ 32 ಸಾವಿರ ಅಳತೆ. ಕೊಪ್ಪರಿಗೆ ಕುದಿ ಬಂದಾಗ "ಅರ್ಧ ಕೆಲಸ ಆಯ್ತು" ಅಂತ ಬೀಡಿ ಹಚ್ಚುತ್ತೀವಲ್ಲ, ಆಗ ಆರರಿಂದ ಏಳು ಪಾಲಿನಲ್ಲಿ ಒಂದೇ ಪಾಲು ಕೆಲಸ ಆಗಿರೋದು!

ನೀರು ಕಮ್ಮಿಯಾಗಿ ಪಾಕ ಗಟ್ಟಿ ಆಗ್ತಾ ಬಂದ ಹಾಗೆ ಕುದಿಯೋ ಬಿಸಿಯೂ ಏರುತ್ತೆ. ಬೆಲ್ಲದ ಹದಕ್ಕೆ ಬಂದಾಗ 115 ಡಿಗ್ರಿ ದಾಟಿರುತ್ತೆ. ಅದಕ್ಕೇ ಕೊನೆ ಗಳಿಗೆಯಲ್ಲಿ ಉರಿ ಇಳಿಸದಿದ್ದರೆ ತಳ ಹಿಡಿದು ಬೆಲ್ಲ ಕಪ್ಪಾಗೋದು. ಆ ಪಾಕ ಮೈಗೆ ಸಿಡಿದರೆ ಅಂಟಿಕೊಂಡು ಸುಡುತ್ತೆ. ಅಲ್ಲಿ ಮಕ್ಕಳನ್ನು ಹತ್ತಿರ ಬಿಡಲೇಬಾರದು.

ಇದರಲ್ಲೇ ಉರುವಲಿನ ಲೆಕ್ಕವೂ ಇದೆ. ಗಾಣದಿಂದ ಬಂದ ಹಸಿ ಸಿಪ್ಪೆಯಲ್ಲಿ ಸುಮಾರು ಅರ್ಧಪಾಲು ನೀರು. ಹತ್ತು ಕ್ವಿಂಟಲ್ ಹಸಿ ಸಿಪ್ಪೆ ಒಲೆಗೆ ತಳ್ಳಿದರೆ ಐದು ಕ್ವಿಂಟಲ್ ನೀರನ್ನೂ ತಳ್ಳಿದ ಹಾಗೆ. ಆ ಐದು ಕ್ವಿಂಟಲ್ ನೀರು ಒಲೆಯಲ್ಲೇ ಆವಿಯಾಗಿ, ನಮ್ಮ ಶಾಖ ಹೊತ್ತುಕೊಂಡು ಚಿಮಣಿಯಲ್ಲಿ ಹೋಗುತ್ತೆ. ಕೊಪ್ಪರಿಗೆಯಿಂದ ಓಡಿಸಬೇಕಾದ್ದು ಎಂಟು, ಒಲೆಯಲ್ಲೇ ಸುಮ್ಮನೆ ಓಡಿಸಿದ್ದು ಐದು. ಹೀಗಿದ್ದರೆ ಉರುವಲು ಸಾಲೋದು ಹೇಗೆ? ಆಮೇಲೆ ಸಾಲದೆ ಬಂತು ಅಂತ ಕೆಲವರು ಹಳೇ ಟೈರು, ರಬ್ಬರು ಹಾಕಿ ಊರಿಗೆಲ್ಲ ಕರೀ ಹೊಗೆ ಕುಡಿಸೋದು. ಸಿಪ್ಪೆಯನ್ನು ಬಿಸಿಲಿಗೆ ಹರಡಿ ಚೆನ್ನಾಗಿ ಒಣಗಿಸಿದರೆ ಆ ಐದು ಕ್ವಿಂಟಲ್ ನೀರನ್ನು ಸೂರ್ಯನೇ ಬಿಟ್ಟಿಯಾಗಿ ತೆಗೆದುಕೊಂಡು ಹೋಗ್ತಾನೆ. ಈ ಲೆಕ್ಕ ತಿಳಿದ ಮೇಲೆ ನಾವು ಹಸಿ ಸಿಪ್ಪೆ ಒಲೆಗೆ ಹಾಕೋದು ಬಿಟ್ಟೆವು. ಹೊರಗಿನ ಸೌದೆ ಕೊಳ್ಳೋದು ತಾನಾಗಿ ತಪ್ಪಿತು. ಮನೆ ಒಲೆಗೆ ಹಸಿ ಸೌದೆ ಹಾಕಿ, ಊದಿ ಊದಿ ಕಣ್ಣು ಕೆಂಪು ಮಾಡಿಕೊಳ್ಳೋ ತಾಯಂದಿರಿಗೂ ಇದೇ ಲೆಕ್ಕ.

ಅಡುಗೆಮನೆ ಲೆಕ್ಕ ಇನ್ನೂ ಸುಲಭ. ನೀರು ಕುದಿ ಬಂದ ಮೇಲೆ ಎಷ್ಟೇ ದೊಡ್ಡ ಉರಿ ಕೊಟ್ಟರೂ ಬಿಸಿ ಹೆಚ್ಚಲ್ಲ ಅಂದೆವಲ್ಲ, ಬೇಳೆ ಅನ್ನ ಬೇಯೋದು ಬಿಸಿಯಿಂದ, ಉರಿಯ ಆರ್ಭಟದಿಂದ ಅಲ್ಲ. ಕುದಿ ಬಂದ ಕೂಡಲೇ ಗ್ಯಾಸು ಸಣ್ಣ ಮಾಡಿ, ಮುಚ್ಚಳ ಮುಚ್ಚಿ. ಅಷ್ಟೇ ಹೊತ್ತಿಗೆ ಬೇಯುತ್ತೆ, ಸಿಲಿಂಡರ್ ನಾಲ್ಕು ದಿನ ಹೆಚ್ಚು ಬರುತ್ತೆ. ಕುಡಿಯೋ ನೀರೂ ಅಷ್ಟೆ. ಚೆನ್ನಾಗಿ ಕೊತಕೊತ ಕುದಿದು ಒಂದು ನಿಮಿಷ ಆದರೆ ರೋಗದ ಕ್ರಿಮಿಗಳು ಸಾಯುತ್ತವೆ. ಕಾಲು ಗಂಟೆ ಕುದಿಸಿದರೆ ಗ್ಯಾಸೂ ದಂಡ, ನೀರೂ ದಂಡ.

ಕುದಿಯೋ ಬಿಸಿ ಎಲ್ಲಾ ಕಡೆ ಒಂದೇ ಅಲ್ಲ. ಸಮುದ್ರದ ಪಕ್ಕ 100 ಡಿಗ್ರಿ. ನಮ್ಮ ಮೈಸೂರು ಬೆಂಗಳೂರಿನ ಎತ್ತರದಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಮೇಲಿನ ಗಾಳಿಯ ಒತ್ತಡ ಕಮ್ಮಿ ಆದಷ್ಟೂ ನೀರು ಬೇಗ ಕುದಿಯುತ್ತೆ, ಒತ್ತಡ ಹೆಚ್ಚಿದಷ್ಟೂ ತಡ. ಕುಕ್ಕರಿನಲ್ಲಿ ಆವಿಯನ್ನು ಕೂಡಿ ಹಾಕಿ ಒತ್ತಡ ಹೆಚ್ಚಿಸೋದರಿಂದ ನೀರು 120 ಡಿಗ್ರಿ ಹತ್ತಿರ ಹೋಗುತ್ತೆ, ಬೇಳೆ ಬೇಗ ಬೇಯುತ್ತೆ. ನಮ್ಮ ಹಾಲನ್ನು ಪುಡಿ ಮಾಡೋ ಡೈರಿಯಲ್ಲಿ ಇದರ ಉಲ್ಟಾ. ಅಲ್ಲಿ ಪಂಪಿನಿಂದ ಗಾಳಿ ತೆಗೆದು ಒತ್ತಡ ಇಳಿಸಿ, 100 ಡಿಗ್ರಿಗಿಂತ ಎಷ್ಟೋ ಕಡಿಮೆ ಬಿಸಿಯಲ್ಲೇ ಹಾಲಿನ ನೀರನ್ನು ಆವಿ ಮಾಡಿ ಗಟ್ಟಿ ಮಾಡ್ತಾರೆ, ಹಾಲು ಕೆಡಬಾರದು ಅಂತ.

ಹಾಲು ಉಕ್ಕೋದು ಯಾಕೆ, ನೀರು ಯಾಕೆ ಹಾಗೆ ಉಕ್ಕೋದಿಲ್ಲ ಅಂತ ನಮ್ಮ ಸದಸ್ಯರೊಬ್ಬರು ಕೇಳಿದ್ದರು. ಒಂದು ಟೀ ಚಮಚ ನೀರು ಆವಿಯಾದರೆ ಎಂಟು ಲೀಟರಿಗೂ ಮಿಕ್ಕಿ ಜಾಗ ಬೇಕು. ನೀರಿನಲ್ಲಿ ಗುಳ್ಳೆ ಬಂತು, ಒಡೆಯಿತು, ಆವಿ ಹೋಯಿತು. ಹಾಲಿನಲ್ಲಿ ಮೇಲೆ ಕೆನೆ ಕಟ್ಟುತ್ತೆ. ಹಾಲಿನ ಪ್ರೋಟೀನು ಗುಳ್ಳೆಗಳನ್ನ ಬೇಗ ಒಡೆಯೋಕೆ ಬಿಡೋದಿಲ್ಲ. ಕೆಳಗೆ ಸಿಕ್ಕಿಬಿದ್ದ ಆವಿ ಎಲ್ಲವನ್ನೂ ಎತ್ತಿಕೊಂಡು ಮೇಲೆ ಬರುತ್ತೆ. ಸೌಟು ಹಾಕಿ ಕೈ ಆಡಿಸಿದರೆ ಆವಿಗೆ ದಾರಿ ಸಿಗುತ್ತೆ. ಬಿಸಿನೀರಲ್ಲಿ ತೊಳೆದ ಕ್ಯಾನಿಗೆ ಕೂಡಲೇ ಬಿಗಿಯಾಗಿ ಮುಚ್ಚಳ ಹಾಕಿದರೆ, ಆಮೇಲೆ ಮುಚ್ಚಳ ಬರದೆ ಒದ್ದಾಡ್ತೀವಲ್ಲ, ಅದು ಇದರ ತಿರುಗಾಮುರುಗ. ಒಳಗಿನ ಆವಿ ನಾಲ್ಕು ಚಮಚ ನೀರಾಗಿ ಕುಗ್ಗುತ್ತೆ, ಹೊರಗಿನ ಗಾಳಿ ಮುಚ್ಚಳ ಒತ್ತಿ ಹಿಡಿಯುತ್ತೆ. ಕ್ಯಾನನ್ನು ಬೋರಲು ಹಾಕಿ ಒಣಗಲು ಬಿಡಿ ಅಂತ ಹೇಳೋದು ಶುಚಿಗೆ ಮಾತ್ರ ಅಲ್ಲ.

ನೀರು ಆವಿಯಾಗೋಕೆ ಕುದಿಯಲೇಬೇಕು ಅಂತೇನಿಲ್ಲ. ಈಗ ತಾನೆ ಕರೆದ ಹಾಲಿನಿಂದ ಚಳಿಗಾಲದ ಬೆಳಿಗ್ಗೆ ಹಬೆ ಏಳುತ್ತೆ. ತಿಪ್ಪೆ ಕೆದಕಿದರೂ ಏಳುತ್ತೆ. ನೆನೆದ ಪಂಚೆ ನೆರಳಲ್ಲೂ ಒಣಗುತ್ತೆ. ಆದರೆ ಎಲ್ಲಿ ಆವಿಯಾದರೂ ನೀರು ತನ್ನ ಕಂದಾಯ ವಸೂಲಿ ಮಾಡದೆ ಬಿಡಲ್ಲ. ಪಕ್ಕದಲ್ಲಿ ಯಾರಿದ್ದಾರೋ ಅವರಿಂದಲೇ ಶಾಖ ಕಿತ್ತುಕೊಳ್ಳುತ್ತೆ. ಮಣ್ಣಿನ ಗಡಿಗೆಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖ ಕಿತ್ತುಕೊಳ್ಳೋದರಿಂದಲೇ ಅದು ತಂಪು. ನಮ್ಮ ಬೆವರೂ ಅಷ್ಟೆ.

ಇದು ನಮ್ಮ ಹಸುಗಳಿಗೂ ಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಮಿಶ್ರತಳಿ ಹಸುಗಳು ನಾಲಗೆ ಚಾಚಿ ಏದುಸಿರು ಬಿಡುತ್ತವೆ, ಮೇವು ಬಿಡುತ್ತವೆ, ಹಾಲು ಇಳಿಯುತ್ತೆ. ಮೈಮೇಲೆ ನೀರು ಹಾಕಿದರೆ ಸಾಲದು, ಆ ನೀರು ಆವಿಯಾಗಬೇಕು. ಅದಕ್ಕೆ ಗಾಳಿ ಆಡಬೇಕು. ಕಿಟಕಿ ಇಲ್ಲದ ಕೊಟ್ಟಿಗೆಯಲ್ಲಿ ನೀರು ಸುರಿದರೆ ಗಾಳಿಯಲ್ಲಿ ತೇವ ತುಂಬಿ ಧಗೆ ಇನ್ನೂ ಹೆಚ್ಚುತ್ತೆ. ಕೊಟ್ಟಿಗೆ ಮಾಡಿನ ನೆತ್ತಿಯಲ್ಲಿ ಗಾಳಿಕಿಂಡಿ ಬಿಡಿ. ಬಿಸಿ ಗಾಳಿ, ತೇವದ ಗಾಳಿ ಎರಡೂ ಹಗುರ. ಎರಡೂ ತಾವಾಗಿ ಮೇಲಿಂದ ಹೋಗುತ್ತವೆ, ಕೆಳಗಿನಿಂದ ಹೊಸ ಗಾಳಿ ಬರುತ್ತೆ. ಹಬೆ ಯಾಕೆ ಮೇಲೇರುತ್ತೆ ಅನ್ನೋ ಮಗುವಿನ ಪ್ರಶ್ನೆಗೆ ಇದು ಹಾಲಿನ ರೂಪದ ಉತ್ತರ.

ಕೊನೆಯದಾಗಿ, ನಮ್ಮ ಮನೆಯಲ್ಲಿ ಆದದ್ದು ಇನ್ನೊಂದು ಮನೆಯಲ್ಲಿ ಆಗಬಾರದು ಅಂತ ನಾಲ್ಕು ಮಾತು. ತಾಯಂದಿರು ದಯವಿಟ್ಟು ಗಮನ ಕೊಡಬೇಕು.

ಒಂದು, ಹಬೆ ಪಾತ್ರೆಯ ಮುಚ್ಚಳವನ್ನು ತಮ್ಮ ಕಡೆಗೆ ಎತ್ತಬೇಡಿ. ಉರಿ ಆರಿಸಿ, ಎದುರುಗಡೆಯ ಅಂಚನ್ನು ಮೊದಲು ಎತ್ತಿ, ಮುಖ ಪಕ್ಕಕ್ಕೆ ಇಡಿ. ಹಬೆ ಆಚೆಗೆ ಹೋಗುತ್ತೆ.

ಎರಡು, ಕುಕ್ಕರಿನ ವಿಜ಼ಲ್ ಕೂರುವ ತೂತಿನಲ್ಲಿ ಬೇಳೆ ಸಿಪ್ಪೆ ಕಟ್ಟಿದೆಯಾ ಅಂತ ಪ್ರತಿಸಲ ನೋಡಿ. ಒತ್ತಡ ಪೂರ್ತಿ ಇಳಿಯುವ ತನಕ ಮುಚ್ಚಳ ಬಲವಂತವಾಗಿ ತೆಗೆಯಬೇಡಿ. ಸೇಫ್ಟಿ ವಾಲ್ವ್ ಹೋದರೆ ಸರಿಯಾದ್ದನ್ನೇ ಹಾಕಿಸಿ. ನಾಲ್ಕು ಕಾಸಿನ ಉಳಿತಾಯಕ್ಕೆ ಜೀವ ಒತ್ತೆ ಇಡಬೇಡಿ.

ಮೂರು, ಯಾವ ಬಾಯ್ಲರ್ ಆಗಲಿ, ಹಂಡೆ ಆಗಲಿ, ಆವಿ ಹೋಗೋಕೆ ದಾರಿ ಇಲ್ಲದ ಹಾಗೆ ಬಿಗಿದು ಉರಿ ಹಾಕಬೇಡಿ.

ನಾಲ್ಕು, ಹಬೆಯೋ ಬಿಸಿನೀರೋ ತಾಗಿದರೆ ಇಂಕು, ಪೇಸ್ಟು, ಬೆಣ್ಣೆ, ಅರಿಶಿನ ಯಾವುದೂ ಬೇಡ. ಐಸೂ ಬೇಡ. ಕೂಡಲೇ ಬಳೆ, ಉಂಗುರ ತೆಗೆದು, ಸುಟ್ಟ ಜಾಗವನ್ನು ಹರಿಯೋ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಒಳಗೆ ಇಳಿದ ಶಾಖವನ್ನು ಹೊರಗೆ ತೆಗೆಯೋದು ನೀರೇ. ಬೊಬ್ಬೆ ಒಡೆಯಬೇಡಿ. ಶುಭ್ರವಾದ ಬಟ್ಟೆ ಸಡಿಲವಾಗಿ ಹೊದಿಸಿ ಡಾಕ್ಟರ ಹತ್ತಿರ ಹೋಗಿ. ನಾವು ಅವತ್ತು ಪೇಸ್ಟ್ ಹುಡುಕೋ ಬದಲು ನಲ್ಲಿ ತಿರುಗಿಸಿದ್ದರೆ ನಮ್ಮ ಮನೆಯವರ ಕೈಮೇಲಿನ ಕಲೆ ಇಷ್ಟು ಉಳಿಯುತ್ತಿರಲಿಲ್ಲವೇನೋ.

ಅವರು ಈಗ ಇಲ್ಲೇ ಹೆಂಗಸರ ಸಾಲಿನಲ್ಲಿ ಕುಳಿತಿದ್ದಾರೆ. ಇವತ್ತು ಬೆಳಿಗ್ಗೆಯೂ ಅದೇ ಕೈಯಲ್ಲಿ ಹಾಲು ಕರೆದು ಸಂಘಕ್ಕೆ ಹಾಕಿ ಬಂದಿದ್ದಾರೆ. ಈ ವಿಷಯ ಸಭೆಯಲ್ಲಿ ಹೇಳಲಾ ಅಂತ ಕೇಳಿದ್ದಕ್ಕೆ, "ಹೇಳಿ, ನಾಲ್ಕು ಜನಕ್ಕೆ ಉಪಯೋಗ ಆಗಲಿ" ಅಂದರು. ಅವರ ಅಪ್ಪಣೆ ಇಲ್ಲದೆ ನಾವು ಹೇಳುತ್ತಿರಲಿಲ್ಲ.

ನಮ್ಮ ಸಂಘ ಇಪ್ಪತ್ತೈದು ವರ್ಷ ಹನಿ ಹನಿ ಹಾಲಿನ ಲೆಕ್ಕ ಇಟ್ಟು ಬೆಳೆದಿದೆ. ಹಾಗೇ ಮನೆಯ ಬೆಂಕಿ, ನೀರಿನ ಲೆಕ್ಕವನ್ನೂ ನಾವು ಇಡೋಣ. ಮಕ್ಕಳು ಪ್ರಶ್ನೆ ಕೇಳಿದರೆ "ಸುಮ್ಮನಿರು" ಅನ್ನಬೇಡಿ. ಗೊತ್ತಿಲ್ಲದಿದ್ದರೆ ನಮ್ಮ ಹಾಗೆ ಮೇಷ್ಟ್ರನ್ನ ಕೇಳಿ. ಕೇಳೋದರಲ್ಲಿ ನಾಚಿಕೆ ಏನೂ ಇಲ್ಲ.



ಜೈ ಸಹಕಾರ. ಜೈ ಕರ್ನಾಟಕ. ಜೈ ಹಿಂದ್.